ಶ್ರೀಗಂಧದ ಅತ್ತರ್ ಆರಿಸುವುದು, ಹಚ್ಚುವುದು, ಉಳಿಸಿಕೊಳ್ಳುವುದು: ವಿಜಯಪುರದ ಬಿಸಿಲಿಗೆ ಒಗ್ಗುವ ಸಮಗ್ರ ಮಾರ್ಗದರ್ಶಿ

ಅತ್ತರ್ ಅಂಗಡಿಗೆ ಹೋದವರು ಹೆಚ್ಚಾಗಿ ಎರಡು ನಿಮಿಷದಲ್ಲಿ ತೀರ್ಮಾನ ಮಾಡಿಬಿಡುತ್ತಾರೆ. ಅಂಗಡಿಯವರು ಗಾಜಿನ ಕಡ್ಡಿಯನ್ನು ಮುಂಗೈಗೆ ಎಳೆಯುತ್ತಾರೆ. ಮೂಗಿಗೆ ಹಿಡಿದ ಕೂಡಲೇ ಘಮ್ ಅಂದರೆ ಪ್ಯಾಕ್ ಮಾಡಿಸುತ್ತಾರೆ, ಇಲ್ಲದಿದ್ದರೆ ಮುಂದಿನ ಶೀಶೆ. ಅಪ್ಪಟ ಶ್ರೀಗಂಧದ ಎಣ್ಣೆ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಮೊದಲ ನಿಮಿಷದಲ್ಲಿ ಅದು ಬಾಯಿ ಬಿಡುವುದೇ ಇಲ್ಲ. ಪಕ್ಕದ ಅಗ್ಗದ ಶೀಶೆ ಗಟ್ಟಿಯಾಗಿ ಕೂಗಿ ಗಿರಾಕಿಯನ್ನು ಎಳೆದುಕೊಂಡು ಹೋಗುತ್ತದೆ.

ಹಾಗಾಗಿ ಈ ಮಾರ್ಗದರ್ಶಿಯ ಅರ್ಧ ಭಾಗ ಕಾಯುವುದರ ಬಗ್ಗೆಯೇ ಇದೆ.

ಮೊದಲು: ಸೋಪಿನ ವಾಸನೆ ಮರೆಯಿರಿ

ನಮ್ಮಲ್ಲಿ ಬಹಳ ಜನರಿಗೆ ಗಂಧ ಅಂದರೆ ಸೋಪು ಇಲ್ಲವೇ ಊದಿನಕಡ್ಡಿ. ಎರಡರಲ್ಲೂ ಗಂಧದ ಜೊತೆಗೆ ಬೇರೆ ಪರಿಮಳಗಳೂ ಇರುತ್ತವೆ. ಊದಿನಕಡ್ಡಿಯಲ್ಲಂತೂ ಹೊಗೆಯೂ ಸೇರುತ್ತದೆ. ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಅಸಲಿ ಎಣ್ಣೆ ಮೂಸಿದರೆ "ಇಷ್ಟೇನಾ?" ಅನ್ನಿಸುತ್ತದೆ. ಅದರ ಬದಲು ಮನೆಯಲ್ಲಿ ಸಾಣೆಕಲ್ಲು ಮತ್ತು ಗಂಧದ ಕೊರಡು ಇದ್ದರೆ ನಾಲ್ಕು ಹನಿ ನೀರು ಹಾಕಿ ತೇಯ್ದು ನೋಡಿ. ಆ ತಣ್ಣನೆಯ, ಮೆತ್ತಗಿನ, ಸ್ವಲ್ಪ ಸಿಹಿ ವಾಸನೆ ನಿಮ್ಮ ಅಳತೆಗೋಲು. ಎಣ್ಣೆ ಅದಕ್ಕಿಂತ ದಪ್ಪ ಮತ್ತು ಬೆಚ್ಚಗೆ ಇರುತ್ತದೆ, ಆದರೆ ಮನೆತನ ಒಂದೇ.

ಈ ವಾಸನೆ ಮರದ ಚೇಗಿನಲ್ಲಿರುತ್ತದೆ. ಚೇಗು ಅಂದರೆ ಕಾಂಡದ ಒಳಗಿನ ಗಟ್ಟಿ ಭಾಗ. ಹೊರಗಿನ ಬಿಳಿ ಮರಕ್ಕೆ ವಾಸನೆ ಇಲ್ಲ. ಬೇರಿನಲ್ಲಿ ಎಣ್ಣೆ ಜಾಸ್ತಿ, ಅದಕ್ಕೇ ಗಂಧದ ಮರವನ್ನು ಕಡಿಯುವುದಕ್ಕಿಂತ ಬೇರುಸಮೇತ ಕೀಳುವುದು ವಾಡಿಕೆ. ಒಳ್ಳೆ ಚೇಗು ಕೂಡಲು ಹತ್ತು ಹದಿನೈದು ವರ್ಷವಾದರೂ ಬೇಕು. ಅಷ್ಟು ಕಾದ ಮೇಲೂ ನೂರು ಕಿಲೋ ಚೇಗಿನಿಂದ ಬರುವ ಎಣ್ಣೆ ಕೆಲವೇ ಕಿಲೋ. ಅದೂ ದಿನಗಟ್ಟಲೆ ಹಬೆ ಹಾಯಿಸಿದ ಮೇಲೆ. ಪಕ್ಕದಲ್ಲಿ ಆಸರೆ ಗಿಡ ಇಲ್ಲದೆ ಗಂಧ ಸರಿಯಾಗಿ ಬೆಳೆಯುವುದೂ ಇಲ್ಲ. ಅದರ ಬೇರು ಬೇರೆ ಗಿಡದ ಬೇರಿಗೆ ಅಂಟಿಕೊಂಡು ಅಲ್ಲಿಂದ ನೀರು, ಪೋಷಣೆ ಹೀರುತ್ತದೆ.

ಕರ್ನಾಟಕದಲ್ಲಿ ಈ ಎಣ್ಣೆಯ ಕಾರ್ಖಾನೆ ಶುರುವಾಗಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಮರ ಕಳಿಸುವುದು ನಿಂತಿತ್ತು. ಮರ ಕಳಿಸುವ ಬದಲು ಎಣ್ಣೆ ನಾವೇ ತೆಗೆಯೋಣ ಅಂತ ಆಗ ತೀರ್ಮಾನವಾಯಿತು. ಸೋಪು ಬಂದಿದ್ದು ಆಮೇಲೆ.

ಎರಡನೆಯದು: ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ

ಅತ್ತರ್ ಮಾರುವುದು ತೊಲದ ಲೆಕ್ಕದಲ್ಲಿ. ಒಂದು ತೊಲದ ಶೀಶೆ ಅಂದರೆ ಸುಮಾರು 12 ಮಿ.ಲೀ., ಅರ್ಧ ತೊಲ 6, ಕಾಲು ತೊಲ 3. ಅಪ್ಪಟ ಶ್ರೀಗಂಧದ ಎಣ್ಣೆ ಸಗಟಿನಲ್ಲೇ ಕಿಲೋಗೆ ಲಕ್ಷ ರೂಪಾಯಿ ದಾಟಿ ಬಹಳ ಕಾಲವಾಯಿತು. ಲಕ್ಷ ಅಂತಲೇ ಇಟ್ಟುಕೊಂಡರೂ ಗ್ರಾಮಿಗೆ 100 ರೂಪಾಯಿ. ಶೀಶೆ, ಸಾಗಣೆ, ಅಂಗಡಿಯ ಲಾಭ ಯಾವುದೂ ಸೇರದೆ ತೊಲಕ್ಕೆ ಸಾವಿರದ ಮೇಲೆ ಆಯಿತು. ಹೀಗಿರುವಾಗ 250 ರೂಪಾಯಿಗೆ ತೊಲ "ಪ್ಯೂರ್ ಸಂದಲ್" ಸಿಗಲು ಸಾಧ್ಯವೇ ಇಲ್ಲ. ಅದನ್ನು ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ವಾಸನೆ ಇಷ್ಟವಾದರೆ ಧಾರಾಳವಾಗಿ ಕೊಳ್ಳಿ. ಅದು ಗಂಧವಲ್ಲ ಅನ್ನುವುದು ಗೊತ್ತಿದ್ದರೆ ಸಾಕು.

ಮೊದಲ ಸಲಕ್ಕೆ ಕಾಲು ತೊಲ ಸಾಕು. ಕಡ್ಡಿಯ ತುದಿಯಲ್ಲಿ ಹಚ್ಚಿಕೊಳ್ಳುವವರಿಗೆ ಅದು ತಿಂಗಳುಗಟ್ಟಲೆ ಬರುತ್ತದೆ. ಹಾಗೆ ನೋಡಿದರೆ ದುಬಾರಿ ಸ್ಪ್ರೇಗಿಂತ ಇದು ಅಂಥ ಖರ್ಚಿನದೇನಲ್ಲ.

ಮೂರನೆಯದು: ಅಂಗಡಿಯಲ್ಲಿ

ವಿಜಯಪುರದಲ್ಲಿ ಅತ್ತರ್ ಹುಡುಕುವುದು ಕಷ್ಟವಲ್ಲ. ಗಾಂಧಿ ಚೌಕದ ಸುತ್ತಿನ ಪೇಟೆಯಲ್ಲಿ, ಮಸೀದಿ ದರ್ಗಾಗಳ ಆಸುಪಾಸಿನಲ್ಲಿ ವಿಚಾರಿಸಿ. ರಮ್ಜಾನ್ ತಿಂಗಳು ಬಂತೆಂದರೆ ತಳ್ಳುಗಾಡಿಗಳ ಮೇಲೂ ಶೀಶೆಗಳ ಸಾಲು ಏಳುತ್ತದೆ. ಆದರೆ ಆ ಗದ್ದಲದಲ್ಲಿ ಗಂಧ ಕೊಳ್ಳಲು ಹೋಗಬೇಡಿ. ಗಾಳಿಯಲ್ಲೇ ಹತ್ತು ಅತ್ತರ್ ತೇಲುತ್ತಿರುತ್ತವೆ, ಗಂಧ ಅದರಲ್ಲಿ ಮುಳುಗಿಹೋಗುತ್ತದೆ. ಬೆಳಗ್ಗೆ ಅಂಗಡಿ ತೆರೆದ ಹೊತ್ತು ಒಳ್ಳೆಯದು. ಅವತ್ತು ನೀವೂ ಬೇರೆ ಸೆಂಟು, ಪೌಡರ್ ಹಾಕಿರಬಾರದು.

ನೇರವಾಗಿ ಕೇಳಿ: "ಅಣ್ಣಾರ, ಇದು ಬರೇ ಗಂಧದೆಣ್ಣಿ ಏನ್ರಿ, ಏನರ ಕೂಡಿಸ್ಯಾರೇನ್ರಿ?" ಕಸುಬು ಬಲ್ಲವರು ಮುಚ್ಚಿಡುವುದಿಲ್ಲ. "ಇದು ಬೇಸ್ ಮ್ಯಾಲಿಂದ್ರಿ, ಅದು ಒರಿಜಿನಲ್, ರೇಟ್ ಜಾಸ್ತಿ ಆಗತೈತಿ" ಅಂತ ಅವರೇ ಬೇರೆ ಮಾಡಿ ತೋರಿಸುತ್ತಾರೆ. ಬೇಸ್ ಅಂದರೆ ಪರಿಮಳವನ್ನು ಹೊತ್ತುಕೊಳ್ಳುವ ದ್ರವ. ಹಿಂದೆ ಆ ಕೆಲಸ ಗಂಧದ ಎಣ್ಣೆಯದೇ ಆಗಿತ್ತು. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜದಲ್ಲಿ ಗುಲಾಬಿಯಂಥ ಹೂಗಳ ಹಬೆಯನ್ನು ಗಂಧದ ಎಣ್ಣೆಯೊಳಗೇ ಇಳಿಸಿ ಅತ್ತರ್ ಮಾಡುತ್ತಿದ್ದರು. ಗಂಧ ಬಂಗಾರದಂತೆ ಏರಿದ ಮೇಲೆ ಆ ಜಾಗಕ್ಕೆ ಡೈಈಥೈಲ್ ಥ್ಯಾಲೇಟ್, ಲಿಕ್ವಿಡ್ ಪ್ಯಾರಫಿನ್ ಮುಂತಾದ ಅಗ್ಗದ ದ್ರವಗಳು ಬಂದವು.

"ಬಟ್ಟಿ ಒಗದ್ರೂ ವಾಸನಿ ಹೋಗಂಗಿಲ್ಲ ನೋಡ್ರಿ" ಅಂದರೆ ನನಗೆ ಅನುಮಾನವೇ ಜಾಸ್ತಿ. ಸೋಪಿನಲ್ಲಿ ಒಗೆದರೂ ಬಿಡದೆ ಕೂರುವುದು ಹೆಚ್ಚಾಗಿ ರಾಸಾಯನಿಕ ಪರಿಮಳಗಳ ಗುಣ.

ಶೀಶೆಯ ಮೇಲೆ ಏನು ಓದಬೇಕು? ಸ್ಯಾಂಟಲಮ್ ಆಲ್ಬಮ್ ಅಂತ ಇದ್ದರೆ ಅದು ನಮ್ಮ ಶ್ರೀಗಂಧ. ಸ್ಯಾಂಟಲಮ್ ಸ್ಪೈಕೇಟಮ್ ಅಂದರೆ ಆಸ್ಟ್ರೇಲಿಯಾದ ಗಂಧ. ಅದೂ ಗಂಧವೇ, ಆದರೆ ಒಣ ವಾಸನೆ, ಕೆನೆತನ ಕಡಿಮೆ. ಆಮೈರಿಸ್ ಅಂದರೆ ಗಂಧದ ಕುಲಕ್ಕೇ ಸೇರದ ಮರ. "ಸ್ಯಾಂಡಲ್ ಟೈಪ್" ಅಂತಿದ್ದರೆ ಅವರೇ ಒಪ್ಪಿಕೊಂಡಂತಾಯಿತು. ತಯಾರಕರ ಹೆಸರು, ಬ್ಯಾಚ್ ನಂಬರ್, ಬಿಲ್ ಮೂರೂ ಇರಲಿ. ಹೊಸಬರಿಗೆ ಸುಲಭದ ದಾರಿ ಬೇಕೆಂದರೆ ರಾಜ್ಯ ಸರ್ಕಾರದ ಕೆಎಸ್‌ಡಿಎಲ್ ಸಂಸ್ಥೆ ಸಣ್ಣ ಶೀಶೆಗಳಲ್ಲಿ ಗಂಧದ ಎಣ್ಣೆ ಮಾರುತ್ತದೆ. ಒಮ್ಮೆ ಅದನ್ನು ಮೂಸಿದರೆ ಉಳಿದವುಗಳಿಗೆ ಹೋಲಿಸಲು ಒಂದು ಆಧಾರ ಸಿಗುತ್ತದೆ. ದಾರಿಯಲ್ಲಿ ಯಾರೋ ಗುಟ್ಟಾಗಿ ತೋರಿಸುವ ಕೊರಡು, ಎಣ್ಣೆ ಮಾತ್ರ ಮುಟ್ಟಬೇಡಿ. 2001ರ ತಿದ್ದುಪಡಿಯಿಂದ ಗಂಧದ ಮರ ಜಮೀನಿನ ಒಡೆಯನಿಗೇ ಸೇರುತ್ತದೆ, ನಿಜ. ಆದರೂ ಅದನ್ನು ಕಡಿಯಲು, ಸಾಗಿಸಲು, ಮಾರಲು ಕಾನೂನಿನ ಕಟ್ಟುಪಾಡು ಇದ್ದೇ ಇದೆ.

ನಾಲ್ಕನೆಯದು: ಕೈಗೆ ಹಚ್ಚಿ, ಊರು ಸುತ್ತಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಕಡ್ಡಿಯ ತುದಿಯಷ್ಟು ಎಣ್ಣೆಯನ್ನು ಎಡಗೈ ಮಣಿಕಟ್ಟಿನ ಒಳಬದಿಗೆ ಹಚ್ಚಿಸಿಕೊಳ್ಳಿ. ಒಂದೇ ಎಣ್ಣೆ, ಒಂದೇ ಕೈ. ಹಚ್ಚಿದ ಜಾಗ ಮಿರುಗುತ್ತದೆ. ಎಣ್ಣೆ ತೆಳು ಹಳದಿ, ಸ್ವಲ್ಪ ಮಂದ. ಬೆರಳಿನಿಂದ ಎಳೆದರೆ ನೀರಿನಂತೆ ಹರಿಯದೆ ಚರ್ಮ ಹಿಡಿದುಕೊಂಡೇ ಸಾಗುತ್ತದೆ. ಆಮೇಲೆ ಅಂಗಡಿಯಿಂದ ಹೊರಗೆ ಬನ್ನಿ. ಚಹಾ ಕುಡಿಯಿರಿ, ಸಂತೆ ಮಾಡಿ.

ಮೊದಲ ಐದು ನಿಮಿಷ ಹಸಿ ಮರದ ವಾಸನೆ ಬರಬಹುದು, ಏನೂ ಬರದೆಯೂ ಇರಬಹುದು. ಅರ್ಧ ಗಂಟೆಗೆ ಅದು ಮೈಯ ಬಿಸಿಗೆ ತೆರೆದುಕೊಳ್ಳುತ್ತದೆ. ಆಗ ಬರುವುದು ಹಾಲು ಸಣ್ಣ ಉರಿಯಲ್ಲಿ ಕಾದು ಕೆನೆ ಕಟ್ಟುವಾಗಿನಂಥ ವಾಸನೆ, ಅದರ ಹಿಂದೆ ಒಣ ಮರ. ಎರಡು ಗಂಟೆ ಕಳೆದರೂ ಇದು ತನ್ನ ದಾರಿ ಬಿಡುವುದಿಲ್ಲ, ಇನ್ನಷ್ಟು ಮೆತ್ತಗಾಗುತ್ತದೆ ಅಷ್ಟೆ. ಬೆರಕೆ ಎಣ್ಣೆಯ ನಡೆ ಬೇರೆ. ಶುರುವಿನಲ್ಲಿ ಚುರುಕು, ಆಮೇಲೆ ಪೌಡರ್ ವಾಸನೆ, ಸಂಜೆಗೆ ಬರೀ ಜಿಡ್ಡು.

ಕಾರಣ ಸರಳ. ಈ ಎಣ್ಣೆಯ ಜೀವ ಸ್ಯಾಂಟಲಾಲ್ ಅನ್ನುವ ಪರಿಮಳದ ಅಂಶ, ಅದರಲ್ಲಿ ಆಲ್ಫಾ, ಬೀಟಾ ಅಂತ ಎರಡು ಮುಖ್ಯ ಬಗೆ. ಒಳ್ಳೆ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು ಅನ್ನುವುದು ಅಂತರರಾಷ್ಟ್ರೀಯ ಮಾನದಂಡ. ಇವೆರಡರ ಅಣುಗಳೂ ಭಾರ. ನಿಂಬೆ, ಮಲ್ಲಿಗೆಯ ಹಗುರ ಅಣುಗಳಂತೆ ಥಟ್ಟನೆ ಹಾರಿಹೋಗುವುದಿಲ್ಲ. ತಡವಾಗಿ ಏಳುತ್ತವೆ, ತಡವಾಗಿ ಹೋಗುತ್ತವೆ. ಅಂಗಡಿಯ ಎರಡು ನಿಮಿಷ ಗಂಧಕ್ಕೆ ಸಾಲದೇ ಇರುವುದು ಇದಕ್ಕೇ.

ಇನ್ನೊಂದು ಮಾತು. ಪದೇಪದೇ ಮೂಸಬೇಡಿ, ಮೂಗು ಸುಸ್ತಾಗಿ ವಾಸನೆ ಹೋಯಿತು ಅನ್ನಿಸುತ್ತದೆ. ಕೆಲವರಿಗೆ ಗಂಧದ ಕೆಲವು ಅಣುಗಳು ಹುಟ್ಟಿನಿಂದಲೇ ಅಷ್ಟಾಗಿ ತಿಳಿಯುವುದಿಲ್ಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋದರೆ ಎರಡಕ್ಕೂ ಪರಿಹಾರ.

ಐದನೆಯದು: ಮನೆಯಲ್ಲಿ ಎರಡು ಪರೀಕ್ಷೆ

ಕಾಗದದ ಪರೀಕ್ಷೆ: ಗೆರೆ ಇಲ್ಲದ ಬಿಳಿ ಹಾಳೆಯಲ್ಲಿ ಗಂಧದ ಎಣ್ಣೆ ಒಂದು ಹನಿ, ಪಕ್ಕದಲ್ಲಿ ಕುಸುಬಿ ಎಣ್ಣೆ ಒಂದು ಹನಿ ಇಡಿ. "ಅಸಲಿಯಾದರೆ ಗಂಟೆಯಲ್ಲಿ ಕಲೆ ಮಾಯ" ಅಂತ ಹೇಳುವವರಿದ್ದಾರೆ. ಗಂಧದ ಮಟ್ಟಿಗೆ ಅದು ತಪ್ಪು. ಭಾರದ ಎಣ್ಣೆ, ಆರಲು ದಿನಗಳೇ ಬೇಕು. ಆದರೆ ದಿನದಿಂದ ದಿನಕ್ಕೆ ಕಲೆ ತೆಳುವಾಗುತ್ತಾ ಬರಬೇಕು, ವಾಸನೆ ಅದೇ ಇರಬೇಕು. ವಾರ ಕಳೆದರೂ ಕುಸುಬಿಯ ಕಲೆಯಷ್ಟೇ ಜಿಡ್ಡಾಗಿ ಉಳಿದರೆ ಹರಳೆಣ್ಣೆಯೋ ಪ್ಯಾರಫಿನ್ನೋ ಸೇರಿದೆ.

ನೀರಿನ ಪರೀಕ್ಷೆ: "ತಳಕ್ಕೆ ಮುಳುಗಿದರೆ ಒರಿಜಿನಲ್" ಅನ್ನುವುದು ಪೇಟೆಯ ಮಾತು. ವಾಸ್ತವ ಇದರ ಉಲ್ಟಾ. ಶ್ರೀಗಂಧದ ಎಣ್ಣೆಯ ಸಾಂದ್ರತೆ ಸುಮಾರು 0.97ರಿಂದ 0.98, ನೀರಿಗಿಂತ ಕೂದಲೆಳೆಯಷ್ಟು ಹಗುರ. ಗಾಜಿನ ಲೋಟದ ನೀರಿಗೆ ಒಂದು ಹನಿ ಬಿಟ್ಟು ಕಡ್ಡಿಯಿಂದ ಒಳಗೆ ಒತ್ತಿ. ಅದು ನಿಧಾನವಾಗಿ ಮೇಲೆ ಬರಬೇಕು. ಡೈಈಥೈಲ್ ಥ್ಯಾಲೇಟ್ ಸಾಂದ್ರತೆ 1.12. ಅದು ಜಾಸ್ತಿ ಸೇರಿದ್ದರೆ ಹನಿ ತಳ ಹಿಡಿಯುತ್ತದೆ.

ಎರಡೂ ಪಾಸಾದರೆ ಅಪ್ಪಟ ಅಂತ ಅಲ್ಲ. ಕೃತಕ ಗಂಧದ ಅಣುಗಳನ್ನು ಜಾಣತನದಿಂದ ಬೆರೆಸಿದ್ದರೆ ಲೋಟಕ್ಕೂ ಹಾಳೆಗೂ ತಿಳಿಯುವುದಿಲ್ಲ. ಅದನ್ನು ಹಿಡಿಯುವುದು ಎಣ್ಣೆಯ ಅಂಶಗಳನ್ನು ಬೇರೆ ಬೇರೆ ಮಾಡಿ ಗುರುತಿಸುವ ಲ್ಯಾಬಿನ ಜಿಸಿ-ಎಂಎಸ್ ಯಂತ್ರ. ತೊಲಗಟ್ಟಲೆ ಕೊಳ್ಳುವವರು ಆ ರಿಪೋರ್ಟ್ ಕೇಳಲಿ. ಕಾಲು ತೊಲದವರಿಗೆ ಸುಮ್ನೆ ತಲೆನೋವು.

ಆರನೆಯದು: ಹಚ್ಚುವ ಬಗೆ

ಮೊದಲು ಚರ್ಮಕ್ಕೆ ಒಗ್ಗುತ್ತದೋ ನೋಡಿ. ಮೊಣಕೈ ಒಳಮಡಿಕೆಗೆ ಚೂರು ಹಚ್ಚಿ ಒಂದು ದಿನ ಬಿಡಿ. ತುರಿಕೆ, ಕೆಂಪು ಬಂದರೆ ನೇರವಾಗಿ ಹಚ್ಚಬೇಡಿ. ಮಕ್ಕಳಿಗೆ, ಗಾಯದ ಮೇಲೆ, ಕಣ್ಣಿನ ಹತ್ತಿರ ಬೇಡ. ಕುಡಿಯುವುದಂತೂ ಬೇಡವೇ ಬೇಡ.

ನಮ್ಮ ಹವಾಮಾನದ ತೊಂದರೆ ಎರಡು. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲು ಒಂದು, ವರ್ಷದ ಬಹುಪಾಲು ಇರುವ ಒಣ ಗಾಳಿ ಇನ್ನೊಂದು. ಒಣಗಿದ ಚರ್ಮದ ಮೇಲೆ ಪರಿಮಳ ನಿಲ್ಲುವುದಿಲ್ಲ. ಸ್ನಾನ ಮಾಡಿ ಮೈ ಒರೆಸಿದ ಕೂಡಲೇ, ಚರ್ಮದಲ್ಲಿ ಇನ್ನೂ ಪಸೆ ಇರುವಾಗ, ವಾಸನೆ ಇಲ್ಲದ ಲೋಷನ್ ತೆಳುವಾಗಿ ಹಚ್ಚಿ. ಅದರ ಮೇಲೆ ಕಡ್ಡಿಯ ತುದಿಯಷ್ಟು ಗಂಧ: ಮಣಿಕಟ್ಟು, ಕಿವಿಯ ಹಿಂದೆ, ಕತ್ತಿನ ಗುಳಿ. ಬೇಸಿಗೆಯಲ್ಲಿ ಎರಡು ಜಾಗ ಸಾಕು. ಬಿಸಿಲಿಗೆ ಪರಿಮಳ ತಾನಾಗಿ ಹರಡುತ್ತದೆ, ಜಾಸ್ತಿಯಾದರೆ ಬಸ್ಸಿನಲ್ಲಿ ಪಕ್ಕದವರಿಗೆ ಕಷ್ಟ. ಡಿಸೆಂಬರ್ ಚಳಿಯಲ್ಲಿ ಎದೆಯ ಮೇಲೂ ಒಂದು ಎಳೆ ಹಚ್ಚಬಹುದು, ಅಂಗಿಯೊಳಗಿನ ಬಿಸಿಗೆ ಅದು ಏಳುತ್ತದೆ.

ಹೊರಡುವ ಹೊತ್ತಿಗೆ ಹಚ್ಚಬೇಡಿ, ಅರ್ಧ ಗಂಟೆ ಮೊದಲೇ ಹಚ್ಚಿ. ಮದುವೆಗೆ ಹೋಗುವವರು ಇದನ್ನು ಮರೆತು, ಮನೆ ಬಾಗಿಲಲ್ಲಿ ನಿಂತು ಸಾಲದು ಅಂತ ಮತ್ತೆ ಹಚ್ಚಿ, ಮಂಟಪ ಮುಟ್ಟುವಾಗ ಎರಡರಷ್ಟು ಘಮಘಮ ಅನ್ನುತ್ತಾರೆ. ಮಣಿಕಟ್ಟು ಉಜ್ಜಿದರೆ ಪರಿಮಳ ಒಡೆಯುತ್ತದೆ ಅನ್ನುವ ಮಾತಿಗೆ ಗಂಧದ ಮಟ್ಟಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಿರಿಯರ ಪದ್ಧತಿ ನನಗೆ ಇವತ್ತಿಗೂ ಇಷ್ಟ: ಜೋಳದ ಕಾಳಿನಷ್ಟು ಹತ್ತಿಗೆ ಅತ್ತರ್ ಮುಟ್ಟಿಸಿ ಕಿವಿಯ ಮೇಲಿನ ಮಡಿಕೆಯಲ್ಲಿ ಸಿಕ್ಕಿಸುವುದು. ಚರ್ಮ ಸೂಕ್ಷ್ಮ ಇದ್ದವರು ಅದೇ ಹತ್ತಿಯನ್ನು ಅಂಗಿಯ ಜೇಬಿನೊಳಗೆ ಇಟ್ಟುಕೊಳ್ಳಲಿ.

ಬಟ್ಟೆಗೆ ನೇರವಾಗಿ ಹಚ್ಚಿದರೆ ಕಲೆ ಬೀಳುತ್ತದೆ, ಬಿಳಿ ಅಂಗಿ ಮತ್ತು ರೇಷ್ಮೆಗೆ ಇನ್ನೂ ಜಾಸ್ತಿ. ಇಳಕಲ್ ಸೀರೆಯ ಟೋಪ್ ತೆನೆ ಸೆರಗಿಗೆ ಗಂಧ ಮುಟ್ಟಿಸುವ ಆಸೆ ಬೇಡ. ಹತ್ತಿಯನ್ನು ಹಾಳೆಯಲ್ಲಿ ಸುತ್ತಿ ಸೀರೆಗಳ ನಡುವೆ ಇಟ್ಟರೆ ಸಾಕು, ಸೀರೆಗೆ ತಾನೇ ಹಿಡಿಯುತ್ತದೆ.

ಏಳನೆಯದು: ಬೆರೆಸುವುದು

ಮೊದಲ ಶೀಶೆಯನ್ನು ಬೆರೆಸದೆಯೇ ಬಳಸಿ. ಗಂಧ ಒಂಟಿಯಾಗಿ ಹೇಗಿರುತ್ತದೆ ಅಂತ ತಿಳಿಯದೆ ಬೆರೆಸಲು ಕೂತರೆ ಯಾವುದು ಎಲ್ಲಿಂದ ಬಂತು ಅನ್ನುವುದೇ ತಿಳಿಯದು. ಆಮೇಲೆ ಬೇಕಾದರೆ ಶುರು ಮಾಡಿ.

ರೋಲ್ ಆನ್ ಮಾಡಲು 10 ಮಿ.ಲೀ. ಗಾಜಿನ ಶೀಶೆ, ಜೊಜೊಬಾ ಎಣ್ಣೆ ತೆಗೆದುಕೊಳ್ಳಿ. ಸೂಕ್ಷ್ಮ ಚರ್ಮದವರು ನಾಲ್ಕು ಹನಿ ಗಂಧ ಹಾಕಲಿ, ಅದು ಹೆಚ್ಚುಕಡಿಮೆ ಶೇ. 2. ಗಾಢ ಬೇಕಾದವರು 20 ಹನಿಯವರೆಗೆ ಹೋಗಬಹುದು, ಹಚ್ಚುವ ಜಾಗ ಮಾತ್ರ ಚಿಕ್ಕದಿರಲಿ. ಕುಸುಬಿ, ಶೇಂಗಾ ಎಣ್ಣೆ ಬಳಸಬೇಡಿ, ಅವುಗಳ ವಾಸನೆ ಮೇಲೆ ಬರುತ್ತದೆ, ಕೆಲವು ತಿಂಗಳಲ್ಲಿ ಕಮಟು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಬೇಸಿಗೆಗೆ ಪರವಾಗಿಲ್ಲ. ಜನವರಿ ಬೆಳಗ್ಗೆ ಮಾತ್ರ ಹೆಪ್ಪುಗಟ್ಟಿ ಗುಂಡು ಉರುಳುವುದೇ ಇಲ್ಲ.

ಜೋಡಿಗಳಲ್ಲಿ ಗುಲಾಬಿಗೆ ಮೊದಲ ಜಾಗ. ಮೂರು ಪಾಲು ಗಂಧಕ್ಕೆ ಒಂದು ಪಾಲು ಗುಲಾಬಿ ಅತ್ತರ್, ಹನಿ ಹನಿಯಾಗಿ ಸೇರಿಸಿ. ಬೇಸಿಗೆಗೆ ಲಾವಂಚ ಚೆನ್ನ, ಆದರೆ ಅದು ಜೋರಿನದು, ಐದು ಪಾಲು ಗಂಧಕ್ಕೆ ಒಂದಕ್ಕಿಂತ ಹೆಚ್ಚು ಬೇಡ. ಮಲ್ಲಿಗೆ ಬೇಗ ಹಾರುತ್ತದೆ, ಗಂಧ ಅದರ ಕಾಲು ಹಿಡಿದು ನಿಲ್ಲಿಸುತ್ತದೆ. ಬೆರೆಸಿದ್ದನ್ನು ಅವತ್ತೇ ಅಳೆಯಬೇಡಿ. ಎರಡು ವಾರ ಕತ್ತಲಲ್ಲಿ ಇಟ್ಟು ಆಮೇಲೆ ತೆರೆಯಿರಿ.

ನಿಂಬೆಯ ಬಗ್ಗೆ ಒಂದು ಎಚ್ಚರಿಕೆ. ಇಂಡಿ ಕಡೆಯ ನಿಂಬೆ ನಮ್ಮ ಜಿಲ್ಲೆಯ ಹೆಮ್ಮೆ, ಅದರ ಸಿಪ್ಪೆಯ ಎಣ್ಣೆ ಗಂಧಕ್ಕೆ ಚೆಂದವಾಗಿ ಹೊಂದುತ್ತದೆ ಕೂಡ. ಆದರೆ ಸಿಪ್ಪೆ ಹಿಂಡಿ ತೆಗೆದ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು. ಮನೆಯ ಡಿಫ್ಯೂಸರ್‌ಗೆ ಹಾಕಿ, ಮೈಗೆ ಬೇಡ.

ಈ ಊರಿಗೆ ಬೆರೆಸುವ ಹುಚ್ಚು ಹೊಸದಲ್ಲ. 1580ರಿಂದ 1627ರವರೆಗೆ ಇಲ್ಲಿ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಗೆ ಅರ್ಪಿಸಿದ ಪರ್ಷಿಯನ್ ಕೈಪಿಡಿಯೊಂದು ಪೂರ್ತಿ ಸುಗಂಧದ ಬಗ್ಗೆಯೇ ಇದೆ. ಸಂಗೀತ, ನವರಸ ಅಂತ ಪ್ರಾಣ ಬಿಡುತ್ತಿದ್ದ ಸುಲ್ತಾನ, ಮೂಗಿಗೂ ಅಷ್ಟೇ ಮರ್ಯಾದೆ ಕೊಟ್ಟಿದ್ದಾನೆ. ಇವತ್ತಿಗೂ ಉರುಸಿನಲ್ಲಿ ಗಂಧದ ಮೆರವಣಿಗೆಗೆ ಒಂದು ದಿನವೇ ಮೀಸಲು.

ಕೊನೆಯದು: ಶೀಶೆ ಕಾಯುವುದು

ಬಿಸಿಲು, ಬಿಸಿ, ಗಾಳಿ ಈ ಮೂರರಿಂದ ದೂರ ಇಟ್ಟರೆ ಗಂಧದ ಎಣ್ಣೆ ವರ್ಷಗಟ್ಟಲೆ ಕೆಡುವುದಿಲ್ಲ, ಇನ್ನೂ ದುಂಡಗಾಗುತ್ತದೆ. ಬಣ್ಣದ ಗಾಜು, ಬಿಗಿ ಮುಚ್ಚಳ ಇರಲಿ. ಪ್ಲಾಸ್ಟಿಕ್ ಬೇಡ. ಪತ್ರಾಸ್ ಮನೆಯ ಅಟ್ಟ, ಸ್ಕೂಟರಿನ ಡಿಕ್ಕಿ, ಕಿಟಕಿಯ ಅಂಚು ಮೂರೂ ಕೆಟ್ಟ ಜಾಗ. ಹಳೆಯ ಕಲ್ಲಿನ ಮನೆ ಇದ್ದವರ ಪುಣ್ಯ, ದಪ್ಪ ಗೋಡೆಯ ಗೂಡು ಮೇ ತಿಂಗಳಲ್ಲೂ ತಂಪಾಗಿರುತ್ತದೆ. ಉಳಿದವರು ಕಪಾಟಿನ ಕೆಳಗಿನ ಅರೆಯಲ್ಲಿ ಇಡಿ. ಅರ್ಧ ಖಾಲಿಯಾದರೆ ಚಿಕ್ಕ ಶೀಶೆಗೆ ಸುರಿದುಕೊಳ್ಳಿ, ಒಳಗಿನ ಗಾಳಿ ಕಡಿಮೆಯಾಗುತ್ತದೆ.

ಶೀಶೆ ಪೂರ್ತಿ ಮುಗಿದ ಮೇಲೆ ಗೋಡೆಗೆ ಅಂಟಿದ್ದನ್ನು ಬಿಸಾಡಬೇಡಿ. ಅರ್ಧ ಮಿ.ಲೀ. ಜೊಜೊಬಾ ಹಾಕಿ, ಮುಚ್ಚಳ ಬಿಗಿದು, ಅಡ್ಡ ಮಲಗಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಎರಡು ಸಲ ಉರುಳಿಸಿದರೆ ಇನ್ನೂ ಒಂದು ವಾರಕ್ಕಾಗುವಷ್ಟು ತೆಳು ಗಂಧ ಸಿಗುತ್ತದೆ. ಅದನ್ನು ಆಫೀಸಿಗೆ ಇಟ್ಟುಕೊಳ್ಳಿ.